ಗೇಟಿನ ಹೊರಗೆ ತಂದ ಕುರ್ಚಿ

ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುತ್ತಿದ್ದ ಪದ ‘ಪರ್ಮನೆಂಟ್’. ಅಪ್ಪ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ಆಮೇಲೆ ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯೂ ಆದರು. ಯಾರ ಮಗ ಪರ್ಮನೆಂಟ್ ಆದ, ಯಾರದು ಇನ್ನೂ ಪ್ರೊಬೇಷನ್ನು, ಯಾರ ಮದುವೆ ಪರ್ಮನೆಂಟ್ ಆಗಲಿ ಎಂದು ನಿಂತಿದೆ, ಊಟದ ಹೊತ್ತಿನಲ್ಲಿ ಇದೇ ಮಾತು. ನಾನು ಮೊದಲ ಸಲ ಕೆಲಸಕ್ಕೆ ಹೊರಟಾಗ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದ್ದು ಇಷ್ಟು: “ಪರ್ಮನೆಂಟ್ ಆಗೋವರ್ಗೂ ತಲೆ ತಗ್ಗಿಸ್ಕೊಂಡಿರು. ಆದ್ಮೇಲೆ ಯಾರಿಗೂ ತಗ್ಗಿಸ್ಬೇಡ.” ಊರಿಗೆಲ್ಲ ಕೇಳುವಂತೆ ಘೋಷಣೆ ಕೂಗಿ ಗಂಟಲು ಹರಿದುಕೊಂಡ ಮನುಷ್ಯ ಮಗಳಿಗೆ ಇಂಥ ಬುದ್ಧಿ ಹೇಳಿದ್ದು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ.

ನಾನು ಪರ್ಮನೆಂಟ್ ಆಗಲೇ ಇಲ್ಲ. ಬೆಂಗಳೂರಿನ ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿದೆ. ಅಲ್ಲಿ ಸೇರಿದ ದಿನವೇ ನಮ್ಮ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತೆಗೆದುಕೊಂಡು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ವರ್ಷದ ನಡುವೆ ಬೇರೆ ಕಾಲೇಜಿಗೆ ಹಾರಿಹೋಗಬಾರದಲ್ಲ, ಅದಕ್ಕೆ. ಅಂಥ ಕಡೆ ಸಂಘ ಗಿಂಘ ಎಂದು ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತಿತ್ತು, ಕಾರ್ಡುಗಳಿಗಾಗಿ ಮ್ಯಾನೇಜ್‌ಮೆಂಟಿನ ಬಾಗಿಲಲ್ಲಿ ಕಾಯುವುದೂ ತಪ್ಪುತ್ತಿರಲಿಲ್ಲ. ಕಾರ್ಮಿಕ ನಾಯಕನ ಮಗಳಾದ ನಾನು ಅಪ್ಪ ಹೇಳಿಕೊಟ್ಟಂತೆ ತಲೆ ತಗ್ಗಿಸಿಕೊಂಡು ಕ್ಯಾಲ್ಕುಲಸ್ ಬರೆಸುತ್ತಿದ್ದೆ.

ಆಮೇಲೆ ಗಂಡನ ಕೆಲಸದ ಹಿಂದೆ ಐರ್ಲೆಂಡಿಗೆ ಬಂದೆವು. ಇಲ್ಲಿ ಟೀಚರ್ ಆಗಿ ನೋಂದಾಯಿಸಿಕೊಳ್ಳುವಷ್ಟರಲ್ಲಿ ನನ್ನ ಚರ್ಮ ಸುಲಿದುಹೋಯಿತು. ಕೊನೆಗೆ ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್‌ನ ಒಂದು ಸೆಕೆಂಡರಿ ಶಾಲೆಯಲ್ಲಿ ಗಣಿತದ ಕೆಲವು ಪೀರಿಯಡ್ ಸಿಕ್ಕಿದವು, ವರ್ಷದ ಕಾಂಟ್ರಾಕ್ಟಿನ ಮೇಲೆ. ಇಲ್ಲಿನ ಪದ್ಧತಿ ಹೀಗೆ: ಎರಡು ವರ್ಷ ಸತತವಾಗಿ ಕಾಂಟ್ರಾಕ್ಟಿನಲ್ಲಿ ದುಡಿದವರನ್ನು ಮೂರನೆಯ ವರ್ಷಕ್ಕೂ ಕರೆದರೆ ಆ ಪೀರಿಯಡ್‌ಗಳು ಅವರಿಗೆ ಕಾಯಂ. ಕರೆಯದಿದ್ದರೆ ಮತ್ತೆಲ್ಲೋ ಮೊದಲಿನಿಂದ ಶುರು. ನಾನು ಹೇಳುತ್ತಿರುವುದು ನನ್ನ ಎರಡನೆಯ ವರ್ಷದ ಮಾತು. ಗಂಡನ ಕಂಪನಿಯಲ್ಲಿ ಜನರನ್ನು ಮನೆಗೆ ಕಳಿಸುತ್ತಿದ್ದರು, ನಾವಿದ್ದ ಮನೆಯ ಮಾಲೀಕ ಮಾರುತ್ತೇನೆ ಎಂದು ನೋಟಿಸ್ ಕೊಟ್ಟಿದ್ದ, ಬ್ಯಾಂಕಿನವಳು ಸಾಲದ ಮಾತೆತ್ತಿದಾಗಲೆಲ್ಲ ಮನೆಯಲ್ಲಿ ಒಬ್ಬರಾದರೂ ಪರ್ಮನೆಂಟ್ ಇದ್ದೀರಾ ಎಂದು ಕೇಳುತ್ತಿದ್ದಳು. ಬ್ಯಾಂಕಿನವಳ ಬಾಯಲ್ಲಿ ಅಪ್ಪನ ಪದ ಕೇಳಿ ನನಗೆ ನಗು ಬಂದಿತ್ತು. ಮುಂದಿನ ಬೇಸಗೆಯವರೆಗೆ ತಲೆ ತಗ್ಗಿಸಿಕೊಂಡಿದ್ದರೆ ಸಾಕಿತ್ತು, ಬೇರೆ ಏನೂ ಬೇಕಿರಲಿಲ್ಲ.

ಆ ಶಾಲೆಯಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಆಫೀಸಿನ ಸೆಕ್ರೆಟರಿ, ನಮ್ಮ ಕಡೆ ಕ್ಲರ್ಕ್ ಅನ್ನುತ್ತೇವಲ್ಲ, ಅವಳು. ಅರವತ್ತು ದಾಟಿದ ಹೆಂಗಸು, ಬಾಯಿ ಬಹಳ ಜೋರು. ಫೋಟೋಕಾಪಿ ಮಷೀನಿಗೆ ಕಾಗದ ಕೇಳಲು ಹೋದ ಟೀಚರುಗಳನ್ನು ಭಿಕ್ಷುಕರಂತೆ ನೋಡುತ್ತಿದ್ದಳು. ನನ್ನ ಹೆಸರನ್ನು ಎಲ್ಲರೂ ಚಿಂದಿ ಮಾಡುತ್ತಿದ್ದಾಗ, ಸರಿಯಾಗಿ ಬರುವವರೆಗೆ ನನ್ನ ಎದುರು ನಿಂತು ಮತ್ತೆ ಮತ್ತೆ ಹೇಳಿ ಕಲಿತವಳು ಆಕೆಯೊಬ್ಬಳೇ. ಆಕೆಯ ಅಪ್ಪ ಬಸ್ ಕಂಡಕ್ಟರ್ ಆಗಿದ್ದರಂತೆ. ಯಾರದೇ ಮುಷ್ಕರವಿರಲಿ, ಮುಷ್ಕರದವರು ಫಲಕ ಹಿಡಿದು ಗೇಟಿನೆದುರು ಪಿಕೆಟ್ ನಿಂತಿದ್ದರೆ ಅವರನ್ನು ದಾಟಿ ಒಳಗೆ ಹೋಗುವುದು ಅವರ ಮನೆಯಲ್ಲಿ ಇರಲೇ ಇಲ್ಲ. ಒಮ್ಮೆ ಬೇಕರಿಯವರು ಮುಷ್ಕರ ಹೂಡಿದಾಗ ಆಕೆಯ ಅಮ್ಮ ಅಂಗಡಿಯ ಬ್ರೆಡ್ಡನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ತಾನೇ ಸೋಡಾ ಬ್ರೆಡ್ ಬೇಯಿಸಿ ಹಾಕಿದರಂತೆ. ಇದನ್ನು ಹೇಳಿ ಆಕೆ, “ಆ ಬ್ರೆಡ್ ಇಟ್ಟಿಗೆ ಥರ ಇತ್ತು, ಯಾರೂ ಬಾಯಿ ತೆಗೀಲಿಲ್ಲ,” ಎಂದು ನಗುತ್ತಿದ್ದಳು.

ಸ್ಟಾಫ್‌ರೂಮಿನಲ್ಲಿ ಟೀಚರುಗಳ ಯೂನಿಯನ್ನಿಗೆ ಸೇರುವುದು ಚಹಾದ ಮಗ್ಗಿಗೆ ಹಾಲು ಸುರಿದಷ್ಟು ಸಲೀಸು. ನಮ್ಮ ಶಾಲೆಯಲ್ಲಿ ಯೂನಿಯನ್ನಿನ ಪರವಾಗಿ ಇದ್ದವನನ್ನು ರೆಪ್ ಅನ್ನುತ್ತಿದ್ದರು. ಇತಿಹಾಸ ಕಲಿಸುವ ಮೇಷ್ಟ್ರು, ನಿವೃತ್ತಿಗೆ ಹತ್ತಿರವಿದ್ದ. ನನಗೆ ಸದಸ್ಯತ್ವ ಕೊಡಿಸಿದವನೂ ಆತನೇ. ಯೂನಿಯನ್ ನಾಯಕನೆಂದರೆ ಜೀಪಿನಲ್ಲಿ ಬಂದು ಮೈಕು ಹಿಡಿಯುವವನು ಎಂದುಕೊಂಡಿದ್ದ ನನಗೆ, ತನ್ನ ಮಗ್ಗನ್ನು ತಾನೇ ತೊಳೆದು, ನೋಟಿಸ್ ಬೋರ್ಡಿಗೆ ಪಿನ್ನು ಹುಡುಕುತ್ತ ಓಡಾಡುವ ನಾಯಕನನ್ನು ನೋಡಿ ಆಶ್ಚರ್ಯವಾಗಿತ್ತು. ನನ್ನ ಅಪ್ಪನ ವಿಷಯ ತಿಳಿದ ಮೇಲಂತೂ, ನಾನು ಹೋದ ಮೇಲೆ ನೀನೇ ರೆಪ್ ಆಗಬೇಕು, ನಿನ್ನ ರಕ್ತದಲ್ಲೇ ಇದೆ ಎಂದು ಗಂಟು ಬಿದ್ದಿದ್ದ. ಬೇರೆ ಯಾರೂ ಸಿದ್ಧರಿರಲಿಲ್ಲ. ಮೀಟಿಂಗುಗಳಲ್ಲಿ ಮುಂದೆ ಕೂತು ಕೈಯೆತ್ತುತ್ತಿದ್ದವರೆಲ್ಲ ನರೆತ ಕೂದಲಿನವರು. ಹಿಂದೆ ಕೂತ ಎಳೆಯ ಟೀಚರುಗಳು ಫೋನಿನಲ್ಲಿ ಬಾಡಿಗೆ ರೂಮು ಹುಡುಕುತ್ತಿದ್ದರು, ಇಲ್ಲವೇ ದುಬೈ ಶಾಲೆಗಳ ಜಾಹೀರಾತು ನೋಡುತ್ತಿದ್ದರು. ದೇಶಕ್ಕೆ ಕೆಟ್ಟ ಕಾಲ ಬಂದಿದ್ದಾಗ, ಹಳಬರಿಗಿಂತ ಕಡಿಮೆ ಸಂಬಳದ ಮೇಲೆ ಹೊಸಬರನ್ನು ತೆಗೆದುಕೊಂಡ ಕಥೆಯನ್ನು ಅವರು ಇನ್ನೂ ಮರೆತಿರಲಿಲ್ಲ. ನಿಮ್ಮನ್ನು ಉಳಿಸಿಕೊಳ್ಳಲು ನಮ್ಮನ್ನು ಬಿಟ್ಟುಕೊಟ್ಟಿರಿ ಎಂದು ಒಬ್ಬಳು ಮೀಟಿಂಗಿನಲ್ಲೇ ರೆಪ್‌ನ ಮುಖಕ್ಕೆ ಹೇಳಿದ್ದಳು. ಆತ, ಈಗ ಅದನ್ನೆಲ್ಲ ಸ್ವಲ್ಪಸ್ವಲ್ಪವಾಗಿ ಸರಿ ಮಾಡಿದ್ದಾರಲ್ಲ ಎಂದ. ಆಕೆ ಆ ಬೇಸಗೆಯಲ್ಲೇ ಅಬುಧಾಬಿಗೆ ಹೋದಳು.

ಆ ಆಗಸ್ಟಿನಲ್ಲಿ, ಶಾಲೆ ತೆರೆಯುವ ಹೊತ್ತಿಗೇ, ದೇಶದ ಶಾಲೆಗಳ ಸೆಕ್ರೆಟರಿಗಳೂ ಕಟ್ಟಡ ನೋಡಿಕೊಳ್ಳುವ ಕೇರ್‌ಟೇಕರುಗಳೂ ಮುಷ್ಕರಕ್ಕಿಳಿದರು. ಅವರು ಕೇಳಿದ್ದು ಪಿಂಚಣಿ. ಅದೇ ಕಟ್ಟಡದಲ್ಲಿ, ಅದೇ ಗಂಟೆಗೆ ಬಂದು ಹೋಗುವ ಟೀಚರಿಗೆ ಸರ್ಕಾರದ ಪಿಂಚಣಿ ಇತ್ತು, ಅವರಿಗೆ ಇರಲಿಲ್ಲ. ಅವರ ಯೂನಿಯನ್ ಬೇರೆ, ನಮ್ಮದು ಬೇರೆ. ನಮಗೆ ಬಂದ ಸೂಚನೆ ಸ್ಪಷ್ಟವಾಗಿತ್ತು: ಸೆಕ್ರೆಟರಿಯ ಕೆಲಸವನ್ನು ಯಾರೂ ಮಾಡಕೂಡದು, ಆದರೆ ಅವರ ಮುಷ್ಕರದಲ್ಲಿ ಕೈ ಹಾಕದೆ ಪಾಠಕ್ಕೆ ಎಂದಿನಂತೆ ಒಳಗೆ ಹೋಗಬೇಕು. ರೆಪ್ ಇದನ್ನು ಓದಿ ಹೇಳಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಯಾರೂ ಪ್ರಶ್ನೆ ಕೇಳಲಿಲ್ಲ.

ಅಪ್ಪ ಆಗ ನಮ್ಮ ಮನೆಯಲ್ಲಿದ್ದರು. ಅಮ್ಮ ತೀರಿಹೋದ ಮೇಲೆ ಕೆಲವು ತಿಂಗಳು ಇದ್ದುಹೋಗಲಿ ಎಂದು ಕರೆಸಿಕೊಂಡಿದ್ದೆ. ನನ್ನ ಮಗಳು ನಮ್ಮ ಶಾಲೆಯಲ್ಲೇ ಸೆಕೆಂಡರಿಯ ಮೊದಲ ವರ್ಷಕ್ಕೆ ಸೇರಿದ್ದಳು, ಹಾಗಾಗಿ ಮೊದಲ ದಿನ ಮೂವರೂ ಒಟ್ಟಿಗೆ ನಡೆದುಹೋದೆವು. ಗೇಟಿನ ಹೊರಗೆ ಸೆಕ್ರೆಟರಿ ಮತ್ತು ಕೇರ್‌ಟೇಕರ್ ಕೊರಳಿಗೆ ಫಲಕ ತೂಗುಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು. ಇಬ್ಬರೇ. ಅವರ ನಡುವೆ ಹಾದು ಕಾರುಗಳು ಒಳಗೆ ಹೋಗುತ್ತಿದ್ದವು, ಕಾರಿನೊಳಗಿದ್ದ ನಮ್ಮ ಟೀಚರುಗಳು ಕೈಬೀಸುತ್ತಿದ್ದರು. ನಾನು ನಿಂತೆ. ಸೆಕ್ರೆಟರಿ ನನ್ನ ಮುಖ ನೋಡದೆ, “ಹೋಗು, ಹೋಗು. ಗ್ರ್ಯಾಂಡ್. ನಿಮ್ಮ ಯೂನಿಯನ್ ಹೇಳಿದ್ದು ನೀನು ಮಾಡು,” ಎಂದಳು. ಇಲ್ಲಿನವರ ಬಾಯಲ್ಲಿ ‘ಗ್ರ್ಯಾಂಡ್’ ಎಂದರೆ ಪರವಾಗಿಲ್ಲ ಎಂದಷ್ಟೇ.

ಅಪ್ಪ ದಂಗಾಗಿ ನಿಂತುಬಿಟ್ಟಿದ್ದರು. “ಏನಮ್ಮಾ ಇದು, ಸಂಘದವ್ರು ಸಂಘದವ್ರನ್ನೇ ದಾಟ್ಕೊಂಡ್ ಒಳಗೆ ಹೋಗ್ತೀರಾ?”

“ಅಪ್ಪ, ನಂದಿನ್ನೂ ಪರ್ಮನೆಂಟ್ ಆಗಿಲ್ಲ. ನೀವೇ ತಾನೆ ಹೇಳಿದ್ದು, ತಲೆ ತಗ್ಗಿಸ್ಕೊಂಡಿರು ಅಂತ.”

ನಾನು ಒಳಗೆ ಹೋದೆ. ಹೋಗುವಾಗ ಬೆನ್ನು ಉರಿಯುತ್ತಿತ್ತು. ಮಗಳು ಪಕ್ಕದಲ್ಲಿ, “ಇಟ್ಸ್ ಗ್ರ್ಯಾಂಡ್, ಅಮ್ಮಾ, ಎವ್ರಿವನ್ಸ್ ಗೋಯಿಂಗ್ ಇನ್,” ಎಂದು ಸಮಾಧಾನ ಹೇಳಿದಳು. ಅದರಿಂದ ಇನ್ನಷ್ಟು ಸಿಟ್ಟು ಬಂತು.

ಅಪ್ಪ ಮನೆಗೆ ಹೋಗಲಿಲ್ಲ. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ಅಳಿಯನ ಮಳೆ ಜಾಕೆಟ್ಟು ಹಾಕಿಕೊಂಡು ಆ ಇಬ್ಬರ ಜೊತೆ ನಡೆಯತೊಡಗಿದರು. ಮಾರನೆಯ ದಿನ ಮತ್ತೆ ಹೋದರು. ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಸೆಕ್ರೆಟರಿಗೆ ತಮ್ಮ ಕಾಲದ ಮುಷ್ಕರಗಳನ್ನು ವರ್ಣಿಸಿದರು. ಆಕೆ ಅಪ್ಪನನ್ನು ‘ಕಾಮ್ರೇಡ್’ ಎಂದು ಕರೆಯತೊಡಗಿದಳು. ಈ ಊರಿನಲ್ಲಿ ಹಾರ್ನ್ ಹೊಡೆದರೆ ಬೈದಂತೆ. ವರ್ಷಗಟ್ಟಲೆ ಇದ್ದರೂ ನಾನೊಂದು ಸರಿಯಾದ ಹಾರ್ನ್ ಕೇಳಿರಲಿಲ್ಲ. ಆದರೆ ಪಿಕೆಟ್ ಕಂಡರೆ ಬೆಂಬಲಕ್ಕೆ ಹಾರ್ನ್ ಹೊಡೆಯುವುದು ಇಲ್ಲಿನ ವಾಡಿಕೆ. ಬಸ್ಸುಗಳು, ಲಾರಿಗಳು, ಟ್ಯಾಕ್ಸಿಗಳು ಪೇಂ ಪೇಂ ಎಂದು ಹೋಗುತ್ತಿದ್ದವು. ಅಪ್ಪನಿಗೆ ಮೆಜೆಸ್ಟಿಕ್‌ನಲ್ಲಿ ನಿಂತಷ್ಟು ಖುಷಿ. “ಬೇಕೇ ಬೇಕು, ನ್ಯಾಯ ಬೇಕು!” ಎಂದು ಕೂಗು ಹಾಕಿದರು. ಕೇರ್‌ಟೇಕರ್ ಅದನ್ನು ಕಲಿತು, “ಬೇಕೇ ಬೇಕೂ!” ಎಂದು ಡಬ್ಲಿನ್ನಿನ ರಾಗದಲ್ಲಿ ಎಳೆದ. ಮಗಳು ಊಟದ ಬಿಡುವಿನಲ್ಲಿ ನನ್ನ ಬಳಿ ಓಡಿಬಂದು, “ಅಮ್ಮಾ, ಪ್ಲೀಸ್, ತಾತನ್ನ ಸ್ಟಾಪ್ ಮಾಡು, ಐಮ್ ಮಾರ್ಟಿಫೈಡ್,” ಎಂದು ನಾಚಿಕೆಯಿಂದ ಅಳುವುದೊಂದು ಬಾಕಿ.

ಮೂರನೆಯ ದಿನ ಜಿನುಗು ಮಳೆ. ನನಗೆ ಪಾಠವಿಲ್ಲದ ಹೊತ್ತಿನಲ್ಲಿ ಅಪ್ಪನ ಫೋನ್ ಬಂತು. “ಈ ಯಮ್ಮಂಗೆ ಮಂಡಿ ನೋವು ಕಣಮ್ಮ. ಬೆಳಗ್ಗಿಂದ ನಿಂತಿದಾರೆ. ಧರಣಿ ಅಂದ್ಮೇಲೆ ಕೂರಕ್ಕೆ ಏನಾದ್ರೂ ಬೇಡ್ವಾ? ಒಂದು ಕುರ್ಚಿ ತಗೊಂಡ್ ಬಾ.”

ನಮ್ಮ ಕಡೆ ಧರಣಿ ಎಂದರೆ ಕೂರುವುದೇ. ಶಾಮಿಯಾನ ಹಾಕಿ, ಜಮಖಾನ ಹಾಸಿ, ವಯಸ್ಸಾದವರಿಗೆ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತಂದು, ಮಜ್ಜಿಗೆಯ ಹಂಡೆ ಇಟ್ಟ ಮೇಲೆಯೇ ಮೊದಲ ಭಾಷಣ. ಚಿಕ್ಕವಳಿದ್ದಾಗ ಎಷ್ಟೋ ಸಲ ಅಂಥ ಕುರ್ಚಿಗಳನ್ನು ನಾನೇ ಸಾಲಾಗಿ ಜೋಡಿಸಿದ್ದೇನೆ. ಧರಣಿಗೆ ಕುರ್ಚಿ ಕೊಡುವುದನ್ನು ಯಾರಾದರೂ ಪಕ್ಷ ವಹಿಸಿದಂತೆ ಎಂದು ತಿಳಿದಾರು ಎಂಬುದು ನನ್ನ ತಲೆಗೆ ಹೊಳೆಯಲೂ ಇಲ್ಲ. ಆಫೀಸಿನ ಬಾಗಿಲು ತೆರೆದೇ ಇತ್ತು. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅದನ್ನು ಮುಟ್ಟಲಿಲ್ಲ. ಅದು ಸೆಕ್ರೆಟರಿಯ ಕೆಲಸ, ಮುಟ್ಟಕೂಡದೆಂದು ಹೇಳಿದ್ದರಲ್ಲ. ಆಕೆಯದೇ ಚಕ್ರದ ಕುರ್ಚಿಯನ್ನು, ಉಣ್ಣೆಯ ದಿಂಬಿನ ಸಮೇತ, ಕಾರಿಡಾರಿನುದ್ದಕ್ಕೂ ತಳ್ಳಿಕೊಂಡು ಹೊರಟೆ. ಪ್ರಿನ್ಸಿಪಾಲರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನೂ ಕುರ್ಚಿಯನ್ನೂ ನೋಡಿ ಸೌಜನ್ಯದಿಂದ ದಾರಿ ಬಿಟ್ಟರು.

ಡಾಂಬರಿನ ಮೇಲೆ ಚಕ್ರಗಳು ಗಡಗಡ ಸದ್ದು ಮಾಡಿದವು. ತರಗತಿಗಳ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ಸೆಕ್ರೆಟರಿ ನನ್ನನ್ನು ಕಂಡು ಬಾಯಿ ತೆರೆದುಕೊಂಡು ನಿಂತಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಪಿಕೆಟ್ ಅಂದ್ರೆ ನಡೀತಾ ಇರೋದು, ಮಹರಾಯ್ತಿ! ಕೂತ್ರೆ ಬಸ್ಸಿಗೆ ಕಾಯ್ತಿದೀನಿ ಅನ್ಕೋತಾರೆ.”

ಆದರೆ ಮಂಡಿ ಗೆದ್ದಿತು. ಕೂತಳು. ಅಪ್ಪ ಹಿಂದೆ ನಿಂತು ಕೊಡೆ ಹಿಡಿದರು. ಶಾಲೆಯ ಗೇಟಿನೆದುರು, ಮಳೆಯಲ್ಲಿ, ತನ್ನದೇ ಆಫೀಸಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಸೆಕ್ರೆಟರಿಯನ್ನು ನೋಡಿ ಆ ದಿನ ಹಾರ್ನುಗಳು ನಿಲ್ಲಲೇ ಇಲ್ಲ. ಯಾರೋ ಫೋಟೋ ತೆಗೆದು ಊರಿನ ಫೇಸ್‌ಬುಕ್ ಗುಂಪಿಗೆ ಹಾಕಿದರು. ಕುರ್ಚಿಯ ಬೆನ್ನ ಮೇಲಿದ್ದ ಶಾಲೆಯ ಹೆಸರಿನ ಸ್ಟಿಕ್ಕರು, ಕುರ್ಚಿಯ ಹಿಡಿಯ ಮೇಲಿದ್ದ ನನ್ನ ಕೈ, ಕೊರಳಲ್ಲಿದ್ದ ನನ್ನ ಟೀಚರ್ ಕಾರ್ಡು, ಎಲ್ಲ ಸ್ಪಷ್ಟವಾಗಿ ಬಂದಿತ್ತು. ನನಗೆ ಆ ಫೋಟೋ ನೋಡಿ ಸಂತೋಷವೇ ಆಯಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅಪ್ಪನ ಮಗಳಂತೆ ಕಾಣುತ್ತಿದ್ದೆ.

ಮರುದಿನ ಪ್ರಿನ್ಸಿಪಾಲರು ಕರೆಸಿದರು. ಚಹಾ ಕೊಟ್ಟರು. ಅಪ್ಪನ ಆರೋಗ್ಯ ವಿಚಾರಿಸಿದರು. ಆಮೇಲೆ, ಕುರ್ಚಿ ಶಾಲೆಯ ಸ್ವತ್ತು, ವಿವಾದ ನಿಮ್ಮದಲ್ಲ, ಫೋಟೋವನ್ನು ಆಡಳಿತ ಮಂಡಳಿಯ ಒಬ್ಬಿಬ್ಬರು ನೋಡಿದ್ದಾರೆ ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ನೋ ನೋ, ಯೂ ಆರ್ ಗ್ರ್ಯಾಂಡ್,” ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ನಿರಾಳವಾಗಿ ಸ್ಟಾಫ್‌ರೂಮಿಗೆ ಬಂದು ರೆಪ್‌ಗೆ ಹೇಳಿದೆ. ಆತ ಮುಖ ಸಣ್ಣಗೆ ಮಾಡಿಕೊಂಡ.

“ಬೈದ್ರಾ?”

“ಇಲ್ಲ. ಚಹಾ ಕೊಟ್ರು.”

“ಬೈದಿದ್ರೆ ಚೆನ್ನಾಗಿತ್ತು,” ಎಂದ.

ನಮ್ಮ ಕಾಲೇಜುಗಳ ಮ್ಯಾನೇಜ್‌ಮೆಂಟ್ ಆಗಿದ್ದರೆ ಎಲ್ಲರೆದುರು ಮಾನ ಕಳೆದು, ಸಂಜೆಯೊಳಗೆ ಮರೆತುಬಿಡುತ್ತಿತ್ತು. ಇಲ್ಲಿ ದನಿ ಏರುವುದಿಲ್ಲ. ಏರದ ದನಿಗೆ ಹೇಗೆ ಹೆದರಬೇಕು ಎಂಬುದು ನನಗೆ ಇನ್ನೂ ತಿಳಿದಿರಲಿಲ್ಲ.

ಆ ವಾರದ ಕೊನೆಗೆ ಮುಷ್ಕರ ನಿಂತಿತು. ಪಿಂಚಣಿಯ ಬಗ್ಗೆ ಮಾತುಕತೆ ನಡೆಸುತ್ತೇವೆ ಎಂಬ ಭರವಸೆ ಸಿಕ್ಕಿತ್ತು. ಅಪ್ಪ ಗೆದ್ದೆವೆಂದು ಮನೆಯಲ್ಲಿ ಕೇಸರಿಬಾತು ಮಾಡಿಸಿದರು. ಸಂಜೆ ಬಿಸಿಲಿತ್ತು, ಇಬ್ಬರೂ ಕಾಲುವೆಯ ದಂಡೆಯ ಮೇಲೆ ನಡೆಯಲು ಹೋದೆವು. ಅಬುಧಾಬಿಗೆ ಹೋದ ಟೀಚರಿನ ವಿಷಯ ಮಾತಿಗೆ ಬಂತು. ಹೊಸಬರಿಗೆ ಯಾಕೆ ಕಡಿಮೆ ಸಂಬಳವಿತ್ತು ಎಂದು ಅಪ್ಪ ಕೇಳಿದರು. ನನಗೆ ತಿಳಿದಂತೆ ಹೇಳಿದೆ: ಸರ್ಕಾರ ಕಡಿತ ಮಾಡಿತು, ಒಳಗಿದ್ದವರು ತಮ್ಮದನ್ನು ಉಳಿಸಿಕೊಳ್ಳುವುದರಲ್ಲಿದ್ದರು, ಹೊಸಬರ ಪರವಾಗಿ ಕೈಯೆತ್ತಲು ಹೊಸಬರೇ ಇನ್ನೂ ಬಂದಿರಲಿಲ್ಲ.

ಅಪ್ಪ ಅಲ್ಲೇ ನಿಂತರು. ನೀರಿನ ಕಡೆ ತಿರುಗಿದರು.

“ನಾವೂ ಅದನ್ನೇ ಮಾಡಿದ್ವಿ ಕಣಮ್ಮ,” ಎಂದರು. “ಮ್ಯಾನೇಜ್‌ಮೆಂಟು ಹೇಳ್ತು, ನಿಮ್ಮ ಕೆಲ್ಸ ಮುಟ್ಟಲ್ಲ, ಸಂಬಳಾನೂ ಜಾಸ್ತಿ ಮಾಡ್ತೀವಿ. ಆದ್ರೆ ಇನ್ಮೇಲೆ ಗೇಟೊಳಗೆ ಬರೋರೆಲ್ಲ ಕಾಂಟ್ರಾಕ್ಟು ಅಂತ. ಎಲ್ರೂ ಕೈ ಎತ್ತಿದ್ರು. ಸಹಿ ನಂದೇ. ಹಾರ ಹಾಕಿ ಮೆರವಣಿಗೆ ಮಾಡಿದ್ರು.”

ಆ ಮೆರವಣಿಗೆ ನನಗೆ ನೆನಪಿದೆ. ಅಪ್ಪನ ಹೆಗಲ ಮೇಲೆ ಕೂತಿದ್ದೆ, ಮೂಗಿಗೆ ಸೇವಂತಿಗೆಯ ವಾಸನೆ. ಅದಾಗಿ ಕೆಲವು ವರ್ಷಗಳಿಗೆ ನನ್ನ ಸೋದರಮಾವ, ಅಮ್ಮನ ತಮ್ಮ, ಅದೇ ಕಾರ್ಖಾನೆಗೆ ಸೇರಿದ. ಅವನ ಅಂಗಿಯ ಬಣ್ಣ ಅಪ್ಪನ ಅಂಗಿಯದಲ್ಲ, ಕ್ಯಾಂಟೀನಿನಲ್ಲಿ ಅವನ ಸಾಲೂ ಬೇರೆ. ಒಂದು ದಿನ ಪ್ರೆಸ್ ಮಷೀನಿಗೆ ಸಿಕ್ಕಿ ಬಲಗೈಯ ಬೆರಳುಗಳು ಹೋದವು. ಕಂಪನಿಯವರು ಇವನು ನಮ್ಮವನಲ್ಲ, ಕಾಂಟ್ರಾಕ್ಟರನ ಆಳು ಎಂದರು. ಮಾವ ಆಮೇಲೆ ನಮ್ಮ ಮನೆಗೆ ಬಂದಾಗ ಎಡಗೈಯಲ್ಲಿ ಉಣ್ಣುತ್ತಿದ್ದ. ಎಡಗೈ ತಟ್ಟೆಗೆ ತಾಗಿಸಿದರೆ ನಮಗೆ ಏಟು ಬೀಳುತ್ತಿದ್ದ ಮನೆಯಲ್ಲಿ ಅವನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೆರಳಿನ ಕಥೆ ನನಗೆ ಗೊತ್ತಿತ್ತು. ಅಪ್ಪನ ಸಹಿಯ ಕಥೆ ಗೊತ್ತಿರಲಿಲ್ಲ.

“ಸಂಘ ಏನೂ ಮಾಡ್ಲಿಲ್ವಾ?”

“ಅವ್ನು ಮೆಂಬರ್ ಅಲ್ವಲ್ಲಮ್ಮ. ಕಮಿಟೀಲಿ ಕೇಳ್ದೆ. ನೀವೇ ಸಹಿ ಹಾಕಿದೀರಲ್ಲ ಸಾರ್ ಅಂದ್ರು.”

“ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅಪ್ಪನ ಮೇಲೆ ನನಗೆ ಆಗ ಬಂದ ಕೋಪವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಎಂಬತ್ತರ ಹತ್ತಿರದ ಮುದುಕ, ಅಳಿಯನ ಜಾಕೆಟ್ಟಿನಲ್ಲಿ ಇನ್ನೂ ಸಣ್ಣಗೆ ಕಾಣುತ್ತಿದ್ದರು. ತನ್ನ ತಮ್ಮನಿಗೆ ಬಡಿಸುತ್ತಿದ್ದ ಅಮ್ಮ ಅಪ್ಪನ ತಟ್ಟೆಯ ಕಡೆ ನೋಡದೆ ಅನ್ನ ಹಾಕುತ್ತಿದ್ದದ್ದು ಈಗ ಅರ್ಥವಾಯಿತು. ಸಂಘ ಕಟ್ಟಿದವರು ಎಂದು ನಾನು ಜಂಬಪಟ್ಟುಕೊಂಡ ಮನುಷ್ಯ ಗೇಟಿನೊಳಗೆ ನಿಂತು ಗೇಟು ಮುಚ್ಚಿದ್ದರು. ನಾವಿಬ್ಬರೂ ಮನೆಗೆ ಬಂದೆವು. ಕೇಸರಿಬಾತು ತಣ್ಣಗಾಗಿತ್ತು.

ಅಪ್ಪ ಅಕ್ಟೋಬರಿನಲ್ಲಿ ವಾಪಸ್ಸು ಹೋದರು. ಚಳಿಗಾಲ ಕಳೆಯಿತು. ನನ್ನ ತರಗತಿಗಳು ಚೆನ್ನಾಗಿ ನಡೆಯುತ್ತಿದ್ದವು, ಪೋಷಕರು ಹೊಗಳಿದರು, ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಪ್ರಿನ್ಸಿಪಾಲರು ನಗುತ್ತಿದ್ದರು. ಮೇ ತಿಂಗಳ ಹೊತ್ತಿಗೆ ಬೇರೆ ಕಾಂಟ್ರಾಕ್ಟಿನವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಮುಂದಿನ ವರ್ಷದ ಮಾತಾಡಿದರು. ನನ್ನನ್ನು ಕರೆಯಲಿಲ್ಲ. ಕೊನೆಗೆ ನಾನೇ ಹೋಗಿ ಕೇಳಿದೆ. ಮುಂದಿನ ವರ್ಷದ ಟೈಮ್‌ಟೇಬಲ್ ಇನ್ನೂ ನಿಶ್ಚಯವಾಗಿಲ್ಲ, ಗಣಿತಕ್ಕೆ ಎಷ್ಟು ಪೀರಿಯಡ್ ಬೇಕಾಗುತ್ತದೋ ನೋಡಬೇಕು ಎಂದರು. ಸೌಜನ್ಯಕ್ಕೆ ಆಗಲೂ ಕೊರತೆಯಿರಲಿಲ್ಲ.

ರೆಪ್‌ನ ಬಳಿ ಹೋದೆ. ಆತ ಸಿಂಕಿನಲ್ಲಿ ಮಗ್ಗು ತೊಳೆಯುತ್ತಿದ್ದ, ಅಗತ್ಯಕ್ಕಿಂತ ಹೆಚ್ಚು ಹೊತ್ತು ತೊಳೆದ.

“ನಿನ್ನನ್ನ ತೆಗೆದುಹಾಕಿದ್ರೆ ನಾವು ಹೋರಾಡಬಹುದಿತ್ತು,” ಎಂದ. “ಅವರು ತೆಗೆದುಹಾಕ್ತಾ ಇಲ್ಲ. ಕಾಂಟ್ರಾಕ್ಟ್ ಮುಗೀತಾ ಇದೆ, ಅಷ್ಟೆ. ಕುರ್ಚಿಗೋಸ್ಕರ ಅಂತ ಯಾರೂ ಎಲ್ಲೂ ಹೇಳಲ್ಲ.”

“ನಾನು ಮೆಂಬರ್ ಅಲ್ವಾ?”

“ಮೆಂಬರ್ರೇ. ಆದ್ರೆ ಬೇರೆಯವರ ಮುಷ್ಕರದಲ್ಲಿ ಕೈ ಹಾಕಬೇಡಿ ಅಂತ ನಮ್ಮ ಸೂಚನೇನೇ ಇತ್ತಲ್ಲ.”

“ಮಂಡಿ ನೋವಿರೋ ಹೆಂಗಸಿಗೆ ಕುರ್ಚಿ ಕೊಟ್ಟೆ.”

“ನನಗೆ ಗೊತ್ತು,” ಎಂದ. ನಿಜವಾಗಿಯೂ ಆತನಿಗೆ ಗೊತ್ತಿತ್ತು. ಕಣ್ಣು ಕೆಂಪಾಗಿದ್ದವು. ಇನ್ನೊಂದು ತಿಂಗಳಿಗೆ ನಿವೃತ್ತಿ. ತನ್ನ ಜಾಗಕ್ಕೆ ಬಾ ಎಂದು ನನ್ನ ಬೆನ್ನು ಬಿದ್ದಿದ್ದವನು ಆ ಮಾತನ್ನು ಮತ್ತೆ ಎತ್ತಲಿಲ್ಲ. ಆತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಭಾನುವಾರ ಅಪ್ಪ ವಿಡಿಯೋ ಕಾಲಿನಲ್ಲಿ ಎಂದಿನಂತೆ ಕೇಳಿದರು, “ಏನಮ್ಮಾ, ಪರ್ಮನೆಂಟ್ ಆಯ್ತಾ?” ಪೀರಿಯಡ್ ಕಡಿಮೆಯಾಗಿವೆಯಂತೆ, ಈ ವರ್ಷ ಕಷ್ಟ ಎಂದೆ. ಕ್ಯಾಮರಾದಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು.

“ನಾನು ಕುರ್ಚಿ ತಗೊಂಡ್ ಬಾ ಅಂದಿದ್ದಕ್ಕಾ?”

“ಅದಕ್ಯಾಕಪ್ಪಾ? ಅದನ್ನ ಎಲ್ರೂ ಆಗ್ಲೇ ಮರ್ತ್ರು.”

“ನಿಮ್ಮ ಸಂಘದವ್ರು ಏನಂದ್ರು?”

“ನೋಡ್ತಾ ಇದಾರೆ,” ಎಂದೆ. ಅವರು ನಂಬಲಿಲ್ಲ. ಸಂಘದವರು ನೋಡುತ್ತಿದ್ದಾರೆ ಎಂದರೆ ಏನು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಾವನಿಗೂ ಅಪ್ಪ ಅದನ್ನೇ ಹೇಳಿರಬೇಕು.

ಆ ವಾರವೇ ಒಂದು ಮಧ್ಯಾಹ್ನ ಸೆಕ್ರೆಟರಿ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ಆಫೀಸಿಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿದಳು. ತನ್ನ ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ಅದು ಸರಿಯಾಗಿ ಉರುಳಲಿಲ್ಲ. ಮಳೆಯಲ್ಲಿ ನೆನೆದ ಮೇಲೆ ಒಂದು ಚಕ್ರ ತುಕ್ಕು ಹಿಡಿದಿತ್ತು.

“ಕೂತ್ಕೋ,” ಎಂದಳು.

“ಪರವಾಗಿಲ್ಲ, ನಿಮ್ಮ ಮಂಡಿ—”

“ಕೂತ್ಕೋ ಅಂದೆ.”

ಕೂತೆ. ಆಕೆ ಫೋಟೋಕಾಪಿ ಮಷೀನಿಗೆ ಆತು ನಿಂತಳು. ಗಣಿತದ ಕೆಲಸದ ಜಾಹೀರಾತು ಇವತ್ತು ಹೊರಗೆ ಹೋಗುತ್ತದೆ ಎಂದಳು. ನನ್ನ ಪೀರಿಯಡ್‌ಗಳೇ, ಒಂದೂ ಕಡಿಮೆಯಿಲ್ಲ. “ಬೆಳಗ್ಗೆ ನಾನೇ ಟೈಪ್ ಮಾಡಿದೆ. ಬೇರೆಯವರ ಬಾಯಿಂದ ನೀನು ಕೇಳೋದು ಬೇಡ ಅನ್ನಿಸ್ತು. ನಿಂತ್ಕೊಂಡು ಕೇಳೋದೂ ಬೇಡ ಅನ್ನಿಸ್ತು.”

ಮನೆ ಖಾಲಿ ಮಾಡುವ ದಿನ, ಬ್ಯಾಂಕಿನವಳ ನಗು, ಮಗಳಿಗೆ ಮತ್ತೆ ಬೇರೆ ಶಾಲೆ ಹುಡುಕಬೇಕಾದರೆ ಎಂಬ ಯೋಚನೆ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು.

“ನಮ್ಮ ಯೂನಿಯನ್ನಿಗೆ ಫೋನ್ ಮಾಡಿದ್ದೆ,” ಎಂದಳು ಆಕೆ, ನೆಲ ನೋಡುತ್ತ. “ನಮ್ಮ ಪಿಕೆಟ್ಟಿಗೆ ಸಹಾಯ ಮಾಡಿದವಳು, ಏನಾದ್ರೂ ಮಾಡಿ ಅಂದೆ. ಅವಳು ನಮ್ಮವಳಲ್ಲ ಅಂದ್ರು. ಟೀಚರುಗಳ ವಿಷಯ, ಅವರ ಯೂನಿಯನ್ ನೋಡ್ಕೋಬೇಕು ಅಂದ್ರು.” ಆಮೇಲೆ ದನಿ ತಗ್ಗಿಸಿ, “ನಮ್ಮಪ್ಪ ಇದ್ದಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ,” ಎಂದಳು. ಅಷ್ಟು ಬಾಯಿ ಜೋರಿನ ಹೆಂಗಸು ಹಾಗೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸ್ವಲ್ಪ ಹೊತ್ತು ಹೊಡೆದುಕೊಳ್ಳಲು ಬಿಟ್ಟಳು. ನಿಲ್ಲಲಿಲ್ಲ. ನನ್ನ ತಲೆಯ ಮೇಲಿಂದ ಕೈ ಚಾಚಿ ತೆಗೆದುಕೊಂಡಳು. ಯಾರೋ ತಾಯಿ. ಮುಂದಿನ ವರ್ಷವೂ ಮಗನಿಗೆ ಗಣಿತಕ್ಕೆ ಅದೇ ಟೀಚರ್ ಇರುತ್ತಾರಾ ಎಂದು ಕೇಳುತ್ತಿದ್ದಳು. ಫೋನಿನ ಸದ್ದು ಜೋರಾಗಿತ್ತು, ನನಗೂ ಕೇಳಿಸುತ್ತಿತ್ತು. ಸೆಕ್ರೆಟರಿ ನನ್ನನ್ನೇ ನೋಡುತ್ತ, ತನ್ನ ಆಫೀಸಿನ ರಾಗದ ದನಿಯಲ್ಲಿ, ಅದು ನಮಗಿನ್ನೂ ಗೊತ್ತಾಗಿಲ್ಲ ಎಂದಳು. ಆ ತಾಯಿ ಗ್ರ್ಯಾಂಡ್, ಥ್ಯಾಂಕ್ಸ್ ಎಂದು ಫೋನಿಟ್ಟಳು.

ನಾನು ಬಹಳ ಹೊತ್ತು ಆ ಕುರ್ಚಿಯಲ್ಲೇ ಕೂತಿದ್ದೆ. ನಾನು 
ಏಳುವವರೆಗೂ ಆಕೆ ಆ ಮಂಡಿ ನೋವಿನಲ್ಲೂ ನಿಂತೇ ಇದ್ದಳು.